ಸಂಜೆ ಬರ್ತೀನಿ

ರಿಪೇರಿ ಅಂಗಡಿಯಲ್ಲಿ ನನ್ನ ಮುಂದಿದ್ದ ಹೆಂಗಸು ಕಂಪ್ಯೂಟರ್ ಇಳಿಸಿದರು.

"ಇದ್ರೊಳಗಿನ ಲಿನಕ್ಸ್ ಅಪ್‌ಡೇಟ್ ಕೇಳ್ತು, ಒತ್ತಿಬಿಟ್ಟೆ ಅಣ್ಣಾ. ಸುಮ್ನೆ ಬಿಟ್ಟಾಗ ಪರದೆ ಮೇಲೆ ಓಡ್ತಿದ್ದ ಅಕ್ಷರ ಹೋಯ್ತು. ಈಗ ಬರೀ ಕಪ್ಪು."

"ಹೊಸದ್ರಲ್ಲಿ ಸ್ಕ್ರೀನ್‌ಸೇವರೇ ಇಲ್ಲ ಅಕ್ಕಾ. ಕರೆಂಟ್ ಉಳಿಯುತ್ತೆ, ಬಿಡಿ."

"ಬಿಡೋ ಹಾಗಿಲ್ಲ. ‘ಅಮ್ಮಾ, ಊಟ ಮಾಡು, ಸಂಜೆ ಬರ್ತೀನಿ’ ಅಂತ ನಮ್ಮ ಯಜಮಾನ್ರು ಹಾಕಿದ್ದು. ಅತ್ತೆಗೆ ಮರೆವು. ಅದನ್ನ ಓದ್ಕೊಂಡು ಉಣ್ತಿದ್ರು."

"ಯಜಮಾನ್ರನ್ನೇ ಕೇಳ್ಬಹುದಿತ್ತಲ್ಲ?"

"ಅವರು ತೀರ್ಕೊಂಡು ವರ್ಷ ಆಯ್ತು. ಈಗ ಅತ್ತೆ ದಿನಾ ‘ಮಗ ಎಲ್ಲಿ’ ಅಂತಾರೆ. ಹೇಳಿದ್ರೆ ಪ್ರತಿ ಸಲ ಹೊಸದಾಗಿ ಅಳ್ತಾರೆ."

ಅಂಗಡಿಯವರು ಹೊರಗಿನಿಂದ ಬೇರೆ ಸ್ಕ್ರೀನ್‌ಸೇವರ್ ಹುಡುಕಿ ಹಾಕಿ, ಆ ಸಾಲು ಬರೆದರು. ಇಬ್ಬರೂ ಮೌಸ್ ಮುಟ್ಟದೆ ಕಾದರು. ಅಕ್ಷರಗಳು ತೇಲಿ ಬಂದವು.

"ಬಂತು. ಆಫ್ ಮಾಡ್ಲಾ ಅಕ್ಕಾ?"

"ಮುಟ್ಬೇಡಿ. ನಾನೂ ಒಂದ್ಸಲ ಓದ್ಕೋತೀನಿ."

ಆಮೇಲೆ ತಾವೇ ವೈರು ಸುತ್ತಿಕೊಂಡು ಹೊರಟರು.