ಹಸರ ಟಿಕಳಿ

ಅಲ್ಲೇ ಹೊಸ್ತಿಲದಾಗ ಯಾಕ ನಿಂತಿ ತಾರವ್ವಾ? ಒಳಗ ಬಾ. ಕಾಲ ಧೂಳಾದ್ರ ಆಗವಲ್ದ್ಯಾಕ, ನಾ ಕಸಾ ಹೊಡೀತೇನಿ... ಆ ತೊಟ್ಟಿಲದ ಕಡೆ ಮಾತ್ರ ಹೋಗಬ್ಯಾಡ. ಈಗರೇ ಕಣ್ಣ ಮುಚ್ಚೈತಿ ಕೂಸ. ಕುಂಡ್ರು. ಕುಂಡ್ರಂಗಿಲ್ಲ? ನಿಂತ ಕೇಳತಿ? ಆತು, ನಿಂತ ಕೇಳ ಹಂಗಾರ.

ನಿಮ್ಮಕ್ಕನ ಮಣ್ಣಿಗೆ ನೀವು ಬರಲಿಲ್ಲಂತ ನಾ ಏನೂ ಅನ್ನಾಕತ್ತಿಲ್ಲ. ಹೆಂಗ ಬರತೀರಿ? ನೀನು, ನಿನ್ನ ಗಂಡ ಕಾಮಣ್ಣ, ಕುರಿ ಬೆನ್ನ ಹತ್ತಿ ಕೊಲ್ಲಾಪುರದ ಕಡೆ ಯಾವ ಮಡ್ಡಿ ಮ್ಯಾಲ ಇದ್ರೋ! ಅಂಕಲಿ ಸಂತ್ಯಾಗ ಹೇಳಿ ಕಳಿಸಿದ್ವಿ. ನಿಪ್ಪಾಣಿಗೆ ತಂಬಾಕ ಒಯ್ಯೋ ಲಾರಿಯವನ ಕೈಯಾಗ ಹೇಳಿ ಕಳಿಸಿದ್ವಿ. ನಿನಗ ಸುದ್ದಿ ಮುಟ್ಟೂದ್ರಾಗ ನಿಮ್ಮಕ್ಕನ ಗೋರಿ ಮ್ಯಾಲ ಹುಲ್ಲ ಎದ್ದಿತ್ತು. ನಾವ ನಿಂತ ಎಲ್ಲಾ ಮಾಡಿದ್ವಿ. ಹೊಸಾ ಸೀರಿ ಉಡಿಸಿ ಕಳಿಸೇವಿ ಲಕ್ಕವ್ವನ್ನ. ಅನಾಥ ಮಾಡಿ ಕಳಿಸಿಲ್ಲ.

ಯಾಕ ನಗತಿ?

ನಕ್ಕಂಗ ಕಂಡ್ತು. ಇರಲಿ ಬಿಡ.

ನೋಡ ತಂಗಿ, ನನ್ನ ಮಾತ ಇಷ್ಟ. ನಿಮ್ಮಕ್ಕನ ಕೂಸ ರಾಮವ್ವ ನನ್ನ ಕಡೆ ಇರಲಿ. ಒಯ್ಯಬ್ಯಾಡ. ಎಲ್ಲಿಗಂತ ಒಯ್ಯತಿ? ಇವತ್ತ ರಾಯಬಾಗದ ಮಡ್ಡಿ, ನಾಳೆ ಮತ್ತೊಂದ. ಮಳಿ ಬಂದ್ರ ಕಂಬಳಿ, ಬಿಸಲ ಬಂದ್ರ ಕಂಬಳಿ. ಇಲ್ಲೆ ನೋಡ, ಹಾಲ ಐತಿ, ತುಪ್ಪ ಐತಿ, ನಾಳೆ ಸಾಲಿಗೆ ಹಾಕತೇನಿ. ನಮ್ಮ ಮನಿಯವರೂ ಹೂಂ ಅಂದಾರ. ಈ ಮನ್ಯಾಗ ತೊಟ್ಟಿಲ ಕಟ್ಟಬೇಕಂತ ನಾ ಎಷ್ಟ ವರ್ಷ ಕಾಯ್ದೇನಿ ಅನ್ನೂದ ಇಡೀ ಊರಿಗೆ ಗೊತ್ತೈತಿ, ನಿನಗೂ ಗೊತ್ತೈತಿ. ಮತ್ತ ನಾ ಹಿಂದ ಬಿದ್ದ ಇಸಗೊಂಡಿದ್ದಲ್ಲ ಕೂಸಿನ್ನ. ಅವತ್ತ ಯಾರೂ ಮುಟ್ಟಲಿಲ್ಲ, ನಾ ಎತಗೊಂಡ ಬಂದೆ.

ಏನಾತಂತ ಹೇಳಲ್ಯಾ? ಮಂದಿ ಏನೇನರ ಹೇಳಿರ್ತಾರ ನಿನಗ. ನನ್ನ ಬಾಯಿಂದ ಕೇಳ.

ನೀವು ಹ್ವಾದ ಮ್ಯಾಲ ಊರಿಗೆ ಜೀಪ ಬಂತು. ಪರದೇಶದ ರೊಕ್ಕದಾಗ ನಡೆಯೋ ಸಂಸ್ಥಾ. ಬಡವರ ಮನಿಗೆ ಎಮ್ಮಿ ಕೊಡತಾರ, ಹೊಲಾ ಇದ್ದವರಿಗೆ ಬಿತ್ತಾಕ ಬೀಜ ಕೊಡತಾರ, ಹಸದವರಿಗೆ ಜ್ವಾಳ ಕೊಡತಾರ. ಹೆಣಮಕ್ಕಳ ಸಂಘ ಮಾಡ್ರಿ ಅಂದ್ರು, ಮಾಡಿದ್ವಿ, ನನ್ನ ಅಧ್ಯಕ್ಷಿ ಮಾಡಿದ್ರು. ಆಮ್ಯಾಲ ಒಂದ ಕಾರ್ಡ ತಂದ್ರು. ಕಾರ್ಡ ಅಂದ್ರ ಪೋಸ್ಟಿನ ಕಾರ್ಡ ಅಲ್ಲ ಮತ್ತ, ಜಮಖಾನಿ ಅಷ್ಟ ದೊಡ್ಡದು! ಸಮಾಜ ಮಂದಿರದ ಗ್ವಾಡಿಗೆ ಹೊಡದ್ರು. ಅದರಾಗ ಒಂದೊಂದ ಮನಿಗೆ ಒಂದೊಂದ ಸಾಲ, ಹೆಸರ ಬರದ ಗೆರಿ ಹೊಡದದ್ದು. ಸುಗ್ಗಿ ತನಕಾ ಕಾಳ ಸಾಲತಾವೋ? ಎರಡೂ ಹೊತ್ತ ಒಲಿ ಹತ್ತತೈತೋ? ಮಕ್ಕಳ ಬಾಯಿಗೆ ಹಾಲ ಬೀಳತೈತೋ? ಎಲ್ಲಾ ಚೊಲೋ ಇದ್ರ ಹಸರ ಟಿಕಳಿ. ನಡಬರಕ ಇದ್ರ ಹಳದಿ. ಉಪಾಸ ಇದ್ರ ಕೆಂಪ. ಹಣಿಗೆ ಹಚ್ಚಗೋತೇವಲ್ಲ, ಅವ ಟಿಕಳಿ. ಬಳಿಗಾರ ಸೋನಾಬಾಯಿ ಕಡೆ ತಂದಿದ್ವಿ.

ಕೆಂಪ ಟಿಕಳಿ ಮನಿಗೆ ತಿಂಗಳಾ ತಿಂಗಳಾ ಜ್ವಾಳ. ಇಡೀ ಊರ ಹಸರ ಆತಂದ್ರ ಸಂಘಕ್ಕ ಹಿಟ್ಟಿನ ಗಿರಣಿ. ಹಂಗಂತ ಸಂಸ್ಥಾದ ಮೇಡಮ್ಮಾರ ಹೇಳಿದ್ರು. ‘ನಿಮ್ಮೂರ ಮುಂದ ಬಂದಿದ್ದ ಮ್ಯಾಲಿನವರಿಗೆ ಕಾಣಬೇಕಲ್ರಿ’ ಅಂದ್ರು. ಗಿರಣಿ ಅಂದ್ರ ಹೆಣಮಕ್ಕಳಿಗೆ ಏನಂತ ನಿನಗ ಬ್ಯಾರೆ ಹೇಳಬೇಕೇನ? ತಲಿ ಮ್ಯಾಲ ಬುಟ್ಟಿ ಹೊತ್ತ ಸತ್ತಿ ಊರಿನ ಗಿರಣಿ ತನಕಾ ನಡದೇವಿ ನಾವೆಲ್ಲಾ, ಹೊಳಿ ದಂಡಿ ಹಿಡಕೊಂಡು. ನಾನೂ ನಡದೇನಿ, ನಿಮ್ಮಕ್ಕನೂ ನಡದಾಳ.

ಲಕ್ಕವ್ವನ ಗಂಡ ಭೀಮಸಿ ಹೊಳ್ಯಾಗ ಹ್ವಾದ ಮ್ಯಾಲ ಮೊದಲನೇ ಎಮ್ಮಿ ಅಕಿಗೇ ಕೊಡಸಿದೆ. ಯಾರು? ನಾನು! ಹೆಸರ ಬರಿಸಿದಾಕಿ ನಾನು. ಚೊಲೋ ಎಮ್ಮಿ, ಸುರತಿ ಜಾತಿದು. ಬೇಕಾದ್ರ ಹೋಗಿ ನೋಡ, ಈಗೂ ನಮ್ಮ ಕೊಟಗ್ಯಾಗ ಐತಿ... ಅಂದ್ರ, ಕೂಸಿನ ಸಲವಾಗಿ ಇಟಗೊಂಡೇವಿ. ನಮ್ಮದಂತ ಅಂದಿಲ್ಲ.

ಎಮ್ಮಿ ಇದ್ದ ಮನಿ ಹಸರಲ್ಲೇನ? ನೀನ ಹೇಳ. ಸಂಘದ ಸಕ್ಕುಬಾಯಿ ಅಂದ್ಳು, ಎಲ್ಲಾರೂ ಅಂದ್ರು. ಲಕ್ಕವ್ವ ಎದ್ದ ನಿಂತ್ಳು. ‘ಹಾಲ ಡೇರಿ ಕ್ಯಾನಿಗೆ ಹೋಗತೈತಿ. ಎಮ್ಮಿ ಹಿಂಡಿ ತಿಂತೈತಿ. ನಾ ಏನ ತಿನ್ನಲ್ರಿ ಅಕ್ಕಾರ?’ ಅಂದ್ಳು. ಹೆಂಗ ಅಂದ್ಳಂದ್ರ, ಎಲ್ಲಾರೂ ನಕ್ಕಬಿಟ್ರು. ನಾನೂ ನಕ್ಕೆ. ಅಕಿ ಮಾತ ಹಂಗ ಇರತಿತ್ತಲ್ಲ, ಎಳೀ ಸೌತಿಕಾಯಿ ಕಟಕ್ಕಂತ ಮುರದಂಗ. ನಗದ ಏನ ಮಾಡೂದು?

ಅಕಿ ನಗಲಿಲ್ಲ. ಸೀದಾ ಹೋಗಿ ಕೆಂಪ ಟಿಕಳಿ ಪಾಕೀಟಿಗೆ ಕೈ ಹಾಕಿದ್ಳು. ಸಕ್ಕುಬಾಯಿ ಚೀರಿದ್ಳು, ‘ಏ! ಗಂಡ ಸತ್ತಾಕಿ ಕೆಂಪ ಟಿಕಳಿ ಮುಟ್ಟತಿಯೇನ!’ ಕೈ ಹಂಗ ನಿಂತಬಿಟ್ಟಿತು ಅಕಿದು. ಪಾಪ, ನನಗ ಕೆಡಕ ಅನಿಸ್ತು. ‘ಇರಲಿ ಬಿಡ ಲಕ್ಕವ್ವ, ನಿನ್ನ ಪರವಾಗಿ ನಾ ಹಚ್ಚತೇನಿ’ ಅಂದೆ. ಹಚ್ಚಿದೆ.

ಹಸರ.

ಹಸರ ಹಚ್ಚಿದೆ, ಹೌದು. ಇಡೀ ಊರಾಗ ಅದೊಂದ ಸಾಲ ಉಳದಿತ್ತು ತಾರವ್ವ! ಅಲ್ಲಾ, ಇದರಾಗ ಮುಚ್ಚಿಡೂದೇನೈತಿ, ಎಲ್ಲಾರ ಎದರಿಗೇ ಹಚ್ಚಿದೆ. ಗಿರಣಿ ಒಂದ ಬರಲಿ, ಆಮ್ಯಾಲ ನಮ್ಮ ಮನಿಂದನ ಜ್ವಾಳ ಕೊಡತೇನಿ, ಗಿರಣ್ಯಾಗ ಕೆಲಸಕ್ಕೂ ಹಚ್ಚತೇನಿ ಅಂತ ನನ್ನ ಮನಸಿನ್ಯಾಗ ಇತ್ತು. ಖರೇನ ಇತ್ತು. ಅಕಿ ಹಿಂಗ... ಈಗ ನೀ ನೋಡಾಕತ್ತಿದಿ ನೋಡ, ಹಿಂಗ ನೋಡಿ ಹೋಗಿಬಿಟ್ಳು.

ನೀರ ಕುಡೀತಿ? ಬ್ಯಾಡಾ? ಚಾ ಇಡ್ಲ್ಯಾ? ಬೆಲ್ಲದ ಚಾ.

ಬ್ಯಾಡಂದ್ರ ಬ್ಯಾಡ.

ಆಮ್ಯಾಲ ಏನಾತು... ದೊಡ್ಡ ಮಂದಿ ಬಂದ್ರು ನೋಡ, ಹಸರ ಊರ ನೋಡಾಕ. ಅವತ್ತ ಸಂಜೀಮುಂದನ ಲಕ್ಕವ್ವಗ ವಾಂತಿ ಚಾಲೂ ಆತಂತ. ಬಾಜೂ ಮನಿ ಪಾರಿಸನ ಹೆಂಡ್ತಿ ಓಡಿ ಬಂದ ಹೇಳಿದ್ಳು. ನಾವ ಟ್ರ್ಯಾಕ್ಟರ್ ಹೂಡಿದ್ವಿ. ನಾನ ಹಿಂದ ಕುಂತ ತಲಿ ತೊಡಿ ಮ್ಯಾಲ ಇಟಗೊಂಡಿದ್ದೆ. ಬಾಯಾಗ ನೊರಿ... ಕೈ ಕಾಲ ಸೆಟದ ಸೆಟದ ಎಳ್ಯಾಕತ್ತಿದ್ವು. ಅಥಣಿ ದವಾಖಾನಿ ಮುಟ್ಟಿದ್ವಿ, ಡಾಕ್ಟರ್ ಸೂಜಿ ಮಾಡಿದ್ರು, ಏನೇನೋ ಮಾಡಿದ್ರು. ಆಗಲಿಲ್ಲ. ‘ಔಷಧ ಹಚ್ಚಿದ ಬೀಜದ ಜ್ವಾಳಾ ತಿಂದಾಳ’ ಅಂದ್ರು. ನಿನಗ ಗೊತ್ತೈತೋ ಇಲ್ಲೋ, ಬಿತ್ತೂ ಜ್ವಾಳಕ್ಕ ಹುಳಾ ಹತ್ತಬಾರದಂತ ಔಷಧ ಸವರಿರ್ತಾರ. ಗುಲಾಲ ಉಗ್ಗಿದಂಗ ಇರತೈತಿ. ವಿಷ ಅದು. ಅಕಿ ತೊಳದಾಳ, ಬೀಸಿ ರೊಟ್ಟಿ ಮಾಡ್ಯಾಳ. ಮನ್ಯಾಗ ಕೆಂಪ ನೀರಿನ ಪಾತೇಲಿ ಹಂಗ ಇತ್ತು. ತೊಳದ್ರ ಹೋಗತೈತೇನ ಅದು?

ಕೂಸ ಮಲಗಿತ್ತಂತ. ಎಬ್ಬಿಸಿ ತಿನಿಸಿರಲಿಲ್ಲ. ದೇವರ ಕಾಯ್ದ.

ಎಲ್ಲಿಂದ ತಂದಿದ್ಳೋ ಏನೋ. ಸಂಸ್ಥಾದವರ ಕೊಟ್ಟ ಬೀಜ ಮನ್ಯಾಗ ಉಳದಿರಬೇಕು, ಹಸಿವಿ ತಡೀದ...

ಏನ? ಯಾಕ ಹಂಗ ನೋಡತಿ?

ಹೊಲಾ ಇಲ್ಲ ನಿಮಗ. ಹೌದು. ಗೇಣ ಭೂಮಿ ಇಲ್ಲದವರಿಗೆ ಬೀಜ ಯಾರ ಕೊಡತಾರ, ಖರೆ. ಅಲ್ಲಾ, ಎಲ್ಲೆರೆ ಬಿದ್ದದ್ದ ಆರಿಸಿಕೊಂಡಿದ್ಳೋ ಏನೋ. ಯಾವುದರ ಕೊಟಗ್ಯಾಗಿಂದ... ಕದ್ದಾಳ ಅಂತ ನಾ ಅಂದಿಲ್ಲ! ಹಂಗ ಅನ್ನಬ್ಯಾಡ. ನಿಮ್ಮಕ್ಕ ಕದಿಯೋ ಹೆಣಮಗಳಲ್ಲ, ಅದು ನನಗೂ ಗೊತ್ತೈತಿ. ಕೇಳಿ ಇಸಗೊಂಡ ಒಯ್ಯಾಕಿ. ಸೆರಗ ಒಡ್ಡಿ ನಿಂತಾಗೂ ತಲಿ ತಗ್ಗಿಸಲಿಲ್ಲ, ಸೆರಗೆಲ್ಲಾ ಕೆಂಪ ಧೂಳ ಆಗಿ...

...

ಸೆರಗ ಕೆಂಪಾಗಿದ್ದ ನನಗ ಹೆಂಗ ಗೊತ್ತಂತ ಕೇಳತಿಯೇನ? ಇಲ್ಲ, ನೀ ಏನೂ ಕೇಳಲಿಲ್ಲ. ನಾನ ಅಂದೆ.

ಏನರೆ ಮಾತಾಡ ತಂಗಿ. ಬಂದಾಗಿಂದ ಒಂದ ಮಾತ ಆಡಿಲ್ಲ ನೀನು.

ಅವತ್ತ ಮಧ್ಯಾಹ್ನ ಹಿತ್ತಲ ಬಾಗಿಲಕ್ಕ ಬಂದಿದ್ಳು. ಪಡಸಾಲ್ಯಾಗ ದೊಡ್ಡ ಮಂದಿ ಕುಂತಾರ. ಒಬ್ಬಾಕಿ ಪರದೇಶದ ಬಿಳಿ ಹೆಣಮಗಳು, ಬೆಂಗಳೂರ ಸಾಹೇಬರು, ನಮ್ಮ ಮೇಡಮ್ಮಾರು. ಚಾ ಕೊಡಾಕತ್ತೇನಿ ನಾನು. ‘ಅಕ್ಕಾರ, ನಿನ್ನೆಯಿಂದ ಒಲಿ ಹತ್ತಿಲ್ರಿ. ಒಂದ ಸೇರ ಜ್ವಾಳ ಕೊಡ್ರಿ’ ಅಂದ್ಳು. ನಮ್ಮ ಜ್ವಾಳದ ಕ್ವಾಣಿ ಎಲ್ಲೈತಿ ನಿನಗ ಗೊತ್ತೈತಿ. ಪಡಸಾಲಿ ದಾಟೇ ಹೋಗಬೇಕು. ಅವರೆಲ್ಲಾರ ಮುಂದ ಮೊರದಾಗ ಜ್ವಾಳ ತುಂಬಿಕೊಂಡ ಬರ್ಲ್ಯಾ? ‘ಯಾರಿಗ್ರಿ ಇದು?’ ಅಂದ್ರ ಏನ ಹೇಳಲಿ? ಹಸರ ಮನಿಯಾಕಿ ಬೇಡಾಕ ಬಂದಾಳ ಅಂತ ಹೇಳಲ್ಯಾ? ‘ಆಮ್ಯಾಲ ಬಾ’ ಅಂದೆ. ಹೋಗಲಿಲ್ಲ. ನಿಂತಾಳ. ದನಿ ಏರಸ್ತಾಳೇನೋ ಅಂತ ನನಗ ಅಂಜಿಕಿ. ಕೊಟಗ್ಯಾಗ ಬಿತ್ತಿ ಉಳದ ಬೀಜದ ಚೀಲ ಬಾಯಿ ಬಿಚ್ಚಿ ಇತ್ತು. ಬೊಗಸಿ ಹಾಕಿ ಹಾಕಿ ಕೊಟ್ಟೆ. ಹೋಗಲಿ ಒಮ್ಮೆ, ಇಲ್ಲಿಂದ ಹೋಗಲಿ ಅಂತ ಕೊಟ್ಟೆ.

ಸಾಯಲಿ ಅಂತ ಕೊಡಲಿಲ್ಲ ತಾರವ್ವ! ಈ ಕೂಸಿನ ಆಣಿ!

ತೊಳಕೋ ಅಂತ ಹೇಳಿದ್ದೆ. ‘ಕೋಳಿಗೆ ಹಾಕ ಇದನ್ನ, ನಿನಗ ಸಂಜೀಕ ಬ್ಯಾರೆ ಕೊಡತೇನಿ’ ಅಂತ ಹೇಳಿದ್ದೆ... ಹೇಳಿದ್ದೆ ಅನಸತೈತಿ. ಅಷ್ಟರಾಗ ಒಳಗಿಂದ ಕರದ್ರು, ‘ಶಿವಗಂಗವ್ವಾ, ಬರ್ರಿ, ಫೋಟೋ ತಗೀತಾರ’ ಅಂತ. ಮಾತ ಬಾಯಾಗ ಇತ್ತು. ಹೇಳಿದ್ನೋ... ಹೇಳಬೇಕಂದ್ನೋ...

ತೊಳದ್ಳಲ್ಲ ಅಕಿ! ಹೇಳದ ಇದ್ರ ಯಾಕ ತೊಳೀತಿದ್ಳು? ಹೇಳಿರಬೇಕು ನಾನು. ಇಲ್ಲಾ... ಆ ಬಣ್ಣಾ ನೋಡಿದ್ರ ಯಾರರೆ ತೊಳೀತಾರ, ಅಲ್ಲೇನ?

ಯಾರಿಗೂ ಗೊತ್ತಿಲ್ಲ ಇದು. ನಮ್ಮ ಮನಿಯವರಿಗೂ ಗೊತ್ತಿಲ್ಲ. ಮೇಡಮ್ಮಾರ ಬಂದ ಬಾಳ ಮರಗಿದ್ರು. ಬೀಜಾ ತಿನ್ನಬಾರದಂತ ಚಿತ್ರಾ ಬರಸಿ ಹಚ್ಯಾರ ಸಮಾಜ ಮಂದಿರದಾಗ, ಗಂಗಾಳದಾಗ ತಲಿಬುರುಡಿ. ಕಾರ್ಡ ಬಾಜೂಕ ಹಂಗ ಐತಿ. ಲಕ್ಕವ್ವನ ಸಾಲ ಏನ ಮಾಡೂದ್ರಿ ಅಂತ ನಾ ಕೇಳಿದೆ. ಸತ್ತವರಿಗೆ ಅದರಾಗ ಬಣ್ಣಾ ಇಲ್ಲಂತ. ಇರಲಿ ಬಿಡ್ರಿ ಅಂದ್ರು. ಗಿರಣಿ ಬಂತು. ಉದ್ಘಾಟನಾಕ ನನ್ನ ಕೈಲೆ ರಿಬ್ಬನ್ನ ಕತ್ತರಿಸಿದ್ರು. ಆ ಗಿರಣಿ ಹಿಟ್ಟಿನ ರೊಟ್ಟಿ ಇವತ್ತಿನ ತನಕಾ ನನಗ ಗಂಟಲದಾಗ ಇಳಿವಲ್ದು, ಯಾರ ಮುಂದ ಹೇಳಲಿ?

ತಾರವ್ವ... ಏ, ಎತ್ತ ಹೊಂಟಿ... ಅಲ್ಲೆ ಹೋಗಬ್ಯಾಡಂದ್ನಲ್ಲ. ಮಲಗೈತಿ ಅದು. ತಾರವ್ವಾ, ಕೇಳ. ಕಾಲ ಹಿಡೀತೇನಿ ಬೇಕಾದ್ರ. ನನ್ನ ಕೈಯಾಗ ಬೆಳೀಲಿ ಅದು. ಒಂದ ಜೀವ ಹೋಗಿದ್ದಕ್ಕ ಒಂದ ಜೀವ ಸಾಕತೇನಿ, ಅಷ್ಟರ ಮಾಡಾಕ ಬಿಡ ನನಗ. ಬಿಡಂಗಿಲ್ಲ?

ಹಂಗ ಅಲ್ಲ, ಕುತಗಿ ಹಿಡಿ. ನಿದ್ದಿಗಣ್ಣಾಗ ಜೋಲತೈತಿ. ಹಾಂ, ಹೆಗಲಿಗೆ ಹಾಕ್ಕೋ.

ಇರ, ಬಿಸಲ ಐತಿ, ತಲಿಗೆ ಕಟ್ಟಾಕ ಕುಂಚಗಿ ಕೊಡತೇನಿ. ಕೆಮ್ಮ ಇತ್ತು, ಈಗ ಕಡಿಮಿ ಆಗೇತಿ, ಬಜಿ ಬೇರ ತೇಯ್ದ ನೆಕ್ಕಸ. ತಂಗಾಳಿಗೆ ಬಯಲಾಗ ಮಲಗಿಸಬ್ಯಾಡ...

ಒಂದ ಮಾತ ಬೈಯಬಾರದಾ? ಬೈಯ. ಉಗುಳ ನನ್ನ ಮಾರಿ ಮ್ಯಾಲ. ಓಣ್ಯಾಗ ನಿಂತ ಚೀರ ಬೇಕಾದ್ರ, ಊರೆಲ್ಲಾ ಕೇಳಲಿ, ನಾ ಬಾಗಿಲಾ ಹಾಕೂದಿಲ್ಲ. ಸುಮ್ಮನ ಹೋಗಬ್ಯಾಡ.

ತಾರವ್ವಾ... ಏ ತಂಗೀ... ಒಂದ ಮಾತರೆ ಬೈದ ಹೋಗ...