ಊರ ಬಾವಿಗೆ ಹೆಣ್ಣು ತಂದದ್ದು

ಬನ್ನಿ, ಹತ್ತಿರ ಬನ್ನಿ. ಹೂಂಗುಟ್ಟೋರು ಮುಂದೆ ಕೂರಿ, ತೂಕಡಿಸೋರು ಗೋಡೆಗೆ ಒರಗಿ. ಬೆಟ್ಟಗಳಿಗೆ ಹೆಸರಿಡೋಕೆ ಇನ್ನೂ ಯಾರಿಗೂ ಪುರುಸೊತ್ತಾಗಿರದ ಕಾಲ. ಒಂದು ಬೆಟ್ಟ. ಬೆಟ್ಟದ ಮೇಲೆ ಕಾಡಿನ ಜನರ ಹಾಡಿ. ಬೆಟ್ಟದ ಬುಡದಲ್ಲಿ ಒಂದು ಊರು.

ಊರಿಗೊಬ್ಬ ಗೌಡ, ಮರಿಲಿಂಗೇಗೌಡ. ಮೀಸೆ ಇಷ್ಟುದ್ದ, ಮಾತು ಅದಕ್ಕಿಂತ ಉದ್ದ. ಅವನ ಮಗಳು ದೇವೀರಿ. ಅವಳ ದನಿ ಅವಳ ಕಿವಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟು ನಾಚಿಕೆ. ಆದರೆ ಕಣ್ಣು? ಕಣ್ಣಿಗೆ ಮಾತ್ರ ನಾಚಿಕೆ ಇರಲಿಲ್ಲ. ಎಲ್ಲವನ್ನೂ ನೋಡುತ್ತಿತ್ತು.

ಊರವರು ಏನು ಮಾಡಿದರು? ಹಳ್ಳದಲ್ಲಿ ಎಮ್ಮೆ ತೊಳೆದರು, ಕಂಬಳಿಯ ಬಣ್ಣ ಕದಡಿದರು, ದಂಡೆಯ ಮರಗಳನ್ನೆಲ್ಲ ಕಡಿದರು. ನೀರು ಕೆಂಪಾಯಿತು, ಕಪ್ಪಾಯಿತು, ಕೊನೆಗೆ ಕೊಡದೊಳಗೆ ಹುಳ ಕುಣಿಯಿತು. ದೇವೀರಿಯ ಅಕ್ಕನ ಕೂಸು ಕುಡಿದದ್ದನ್ನೆಲ್ಲ ಕಾರಿಕೊಂಡು ಹಿಡಿಯಷ್ಟಾಯಿತು. ಊರ ಬಾವಿಯೂ ಹೂಳು ತುಂಬಿ ಕೊಳೆತಿತ್ತು. ಶುದ್ಧ ನೀರು ಉಳಿದಿದ್ದದ್ದು ಬೆಟ್ಟದ ಒರತೆಯಲ್ಲಿ ಮಾತ್ರ. ಅದನ್ನು ಕಾಯುತ್ತಿದ್ದವರು ಹಾಡಿಯವರು.

ಗೌಡ ಬೆಟ್ಟ ಹತ್ತಿದ. ಬುತ್ತಿ ಹೊತ್ತು ದೇವೀರಿಯೂ ಹತ್ತಿದಳು.

"ಇವತ್ತಿಂದ ಒರತೆ ನಮ್ದು. ಬೇಲಿ ಹಾಕಿ ನಾವೇ ಕಾಪಾಡ್ತೀವಿ!" ಅಂದ ಗೌಡ.

ಹಾಡಿಯ ಹಿರಿಯಳು ಬೇದಮ್ಮ ಚಾಪೆ ಹಾಸಿದಳು, ಜೇನು ಕೊಟ್ಟಳು. "ದೊಡ್ಡೋರು ಬಂದ್ರಿ, ಸಂತೋಷ" ಅಂದಳು. ಅಷ್ಟೇ. ಬೇಲಿಗೂಟ ಹೊತ್ತು ಹೋದ ಆಳುಗಳಿಗೆ ಒರತೆ ಸಿಕ್ಕಿತೇ? ಎಲ್ಲಿಯ ಮಾತು! ಕಾಡೆಲ್ಲ ಸುತ್ತಿ ಸುತ್ತಿ ತಮ್ಮ ಮನೆ ಹಿತ್ತಲಿಗೇ ಬಂದು ಇಳಿದರು.

ಗೌಡ ಮತ್ತೆ ಹತ್ತಿದ, ಹಿಂದೆಯೇ ದೇವೀರಿ. ಈ ಸಲ ಸೀರೆ, ಬೆಲ್ಲ, ಹೊಸ ಕೊಡಲಿ. ಬೇದಮ್ಮ ಮತ್ತೆ ಚಾಪೆ ಹಾಸಿದಳು, ಜೇನು ಕೊಟ್ಟಳು. "ದೊಡ್ಡೋರು ಬಂದ್ರಿ, ಸಂತೋಷ." ಸೀರೆ ಮುಟ್ಟಲಿಲ್ಲ.

ಅಷ್ಟರಲ್ಲಿ ಪಕ್ಕದ ಬೆಟ್ಟದಿಂದ ಬೇದಮ್ಮನ ಬೀಗರು ಬಂದರು. ಅವರಿಗೆ ಚಾಪೆಯೂ ಇಲ್ಲ, ಜೇನೂ ಇಲ್ಲ. "ಬಂದ್ರಾ ಹೊಟ್ಟೆಬಾಕರು, ನಮ್ ಗೆಣಸೆಲ್ಲ ಖಾಲಿ ಮಾಡೋಕೆ!" ಅಂತ ಬೇದಮ್ಮ ಜರೆದಳು. "ನೀನು ಬೇಯಿಸಿದ ಗೆಣಸು ಹಂದಿಯೂ ಮೂಸಲ್ಲ!" ಅಂದರು ಅವರು. ನಕ್ಕು ನಕ್ಕು ಎಲ್ಲರೂ ಒಂದೇ ಎಲೆಗೆ ಕೈ ಹಾಕಿದರು. ದೇವೀರಿ ಎಲ್ಲವನ್ನೂ ನೋಡಿದಳು.

ಮೂರನೇ ಸಲ ಗೌಡನ ಕೈಯಲ್ಲಿ ಏನೂ ಇರಲಿಲ್ಲ. ಮೊಮ್ಮಗು ಕಣ್ಣು ಬಿಡುತ್ತಿರಲಿಲ್ಲ. ರುಮಾಲು ತೆಗೆದು ನಿಂತ. "ತಾಯೀ, ಹಳ್ಳ ಕೆಡಿಸಿದ್ದು ನಾವೇ, ಈಗ ಮನೆ ಕೂಸಿನ ಜೀವಕ್ಕೇ ಬಂದಿದೆ. ಕಾಯೋದು ನಮಗೆ ಗೊತ್ತಿಲ್ಲ. ಹೇಳಿಕೊಡಿ, ನಿಮ್ ಜೊತೆ ನಿಂತು ಕಾಯ್ತೀವಿ."

ಬೇದಮ್ಮ ಚಾಪೆ ಹಾಸಲಿಲ್ಲ. ಸೊಂಟದ ಮೇಲೆ ಕೈಯಿಟ್ಟಳು. "ನೋಡ್ರೇ ಇವನ್ನ! ಮೀಸೆ ನೋಡಿದ್ರೆ ಹುಲಿ, ಬಾಯಾರಿದ್ರೆ ಎಮ್ಮೆ ಕರ!"

ಹಾಡಿಗೆ ಹಾಡಿಯೇ ಗೊಳ್ಳೆಂದಿತು. ಗೌಡನ ಮುಖ ಕೆಂಡವಾಯಿತು. "ನಡಿ ಮಗಳೇ! ಕೂರೋಕೆ ಚಾಪೆ ಕೊಡಲಿಲ್ಲ, ಮೇಲಿಂದ ಅವಮಾನ!"

ದೇವೀರಿ ಅಪ್ಪನ ಹೆಗಲ ಮೇಲಿನ ಚೌಕದ ತುದಿ ಹಿಡಿದಳು. "ಅಪ್ಪಾ, ತಾಳು. ಇವರು ಚಾಪೆ ಹಾಸೋದು ಪರರಿಗೆ. ಬೈಯೋದು ನೆಂಟರನ್ನ."

ನೆಂಟರೇನೋ ಸರಿ. ಆದರೆ ನೆಂಟರು ತಿರುಗಿ ಬೈಯಬೇಕಲ್ಲ! ಯಾರು ಬೈಯಬೇಕು? ಗೌಡನ ನಾಲಿಗೆ ಸಿಟ್ಟಿಗೆ ಅಂಟಿಕೊಂಡಿತ್ತು. ತನ್ನ ದನಿ ತನಗೇ ಕೇಳಿಸದ ದೇವೀರಿಗೆ ಅಕ್ಕನ ಕೂಸು ನೆನಪಾಯಿತು. ಕಣ್ಣು ಮುಚ್ಚಿ ಕೂಗಿದಳು ನೋಡಿ:

"ಎಮ್ಮೆ ಕರ ಬಾಯಾರಿ ಬಂದ್ರೆ ನೀರು ತೋರಿಸ್ಬೇಕು ಅಜ್ಜೀ! ನೀನು ಹಲ್ಲು ತೋರಿಸ್ತಾ ನಿಂತಿದ್ದೀಯಲ್ಲ, ಅದೂ ಇರೋದು ಮೂರೇ ಹಲ್ಲು!"

ಬೇದಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಆಮೇಲೆ ನಕ್ಕಳು, ಮೂರೂ ಹಲ್ಲು ಹೊಳೆಯೋ ಹಾಗೆ. "ಬೀಗಿತಿ ಸಿಕ್ಕಿದ್ಲು ಕಣ್ರೋ!" ಅಂತ ದೇವೀರಿಯ ಕೈ ಹಿಡಿದು ಒರತೆಗೇ ಕರೆದೊಯ್ದಳು. ಸೋರೆ ಬುರುಡೆ ತುಂಬಿಸಿ, "ಮೊದ್ಲು ಕೂಸಿಗೆ ಕುಡಿಸು, ಆಮೇಲೆ ಮಾತು" ಅಂದಳು.

ಬೇದಮ್ಮನ ಆಮೇಲಿನ ಮಾತು ಏನು? ಕೇಳಿ.

"ಒರತೆ ನಮ್ಮ ಹಿರೀ ಮಗಳು. ಮಾರಲ್ಲ, ಬಿಟ್ಟಿ ಕೊಡಲ್ಲ. ಮದುವೆ ಮಾಡಿ ಕೊಡ್ತೀವಿ. ಗಂಡು ಎಲ್ಲಿ?"

"ನಮ್ಮೂರ ಬಾವಿ" ಅಂದಳು ದೇವೀರಿ.

"ಆ ಕೊಳಕನಾ? ಮೊದ್ಲು ಮೀಯಿಸಿ!"

ಊರಿಗೆ ಊರೇ ಬಾವಿಗಿಳಿಯಿತು. ಹೂಳೆತ್ತಿದರು, ಉಜ್ಜಿದರು, ಅರಿಶಿನ ಹಚ್ಚಿ ಬಾಸಿಂಗ ಕಟ್ಟಿದರು. ಹೆಣ್ಣಿಗೆ ಕೊಡೋ ತೆರ ಏನು ಗೊತ್ತಾ? ಹಳ್ಳದ ದಂಡೆಗೆ ಮತ್ತೆ ಮರ, ಎಮ್ಮೆಗೆ ಬೇರೆ ಹೊಂಡ, ಒರತೆಯ ಕಾವಲಿಗೆ ಹಾಡಿಯವನ ಪಕ್ಕದಲ್ಲಿ ಊರವನೊಬ್ಬ. ಹಾಡಿಯವರು ಬಿದಿರು ಸೀಳಿ ನೀರು ಹರಿಯೋ ದೋಣಿ ಜೋಡಿಸಿದರು, ಊರವರು ಕವೆಗೋಲು ನೆಟ್ಟು ಅದನ್ನು ಎತ್ತಿ ನಿಲ್ಲಿಸಿದರು. ಒರತೆ ಮಗಳು ಕಿಲಕಿಲನೆ ಇಳಿದು ಬಂದು ಬಾವಿಗೆ ಬಿದ್ದಳು. ದೇವೀರಿ ಅಕ್ಕನ ಕೂಸನ್ನು ಎತ್ತಿ ತೋರಿಸಿದಳು. ಅದು ದೋಣಿಗೆ ಕೈಚಾಚಿ ಎಲ್ಲರ ಮುಖಕ್ಕೂ ನೀರು ಚಿಮ್ಮಿಸಿತು.

ಮಾರನೇ ಬೇಸಿಗೆ ಊರವನೊಬ್ಬ ಮರೆತು ಹಳ್ಳಕ್ಕೆ ಎಮ್ಮೆ ಇಳಿಸಿದ. ಹಾಡಿಯವರು ಬಾಯಿ ತೆರೆಯೋ ಮೊದಲೇ ಗೌಡ ಪಂಚೆ ಎತ್ತಿ ಕಟ್ಟಿ ಓಡಿ ಬಂದ.

"ಹೊಡಿಯೋ ಎಮ್ಮೇನ ಆಚೆ! ಮಾತು ತಪ್ಪಿದ್ರೆ ಒರತೆ ತವರಿಗೆ ಹೊರಡ್ತಾಳೆ, ಅವಳು ನನ್ನ ಸೊಸೆ ಕಣೋ!"

ಅವರ ಸೊಸೆ ಅವರ ಊರಲ್ಲಿ ತಣ್ಣಗಿರಲಿ, ಕೇಳಿದ ನಿಮ್ಮ ಹೊಟ್ಟೆ ತಂಪಾಗಿರಲಿ. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಯಾರಾದರೂ ಒಂದು ಚೊಂಬು ನೀರು ತನ್ರಪ್ಪಾ.