ಈರವ್ವ ಒಬ್ಬಳೇ ಬಸ್ಸು ಹತ್ತಿದ್ದು

ನನ್ನ ಹೆಸರು ಶಂಭುಲಿಂಗ, ತಂದೆ ಗುರುಸಿದ್ದಪ್ಪ ಬೆಟಗೇರಿ, ವಯಸ್ಸು 68 ವರ್ಷ, ಉದ್ಯೋಗ ಕಾಳುಕಡಿ ವ್ಯಾಪಾರ, ವಾಸ ರೋಣ, ಗದಗ ಜಿಲ್ಲೆ. ನನ್ನ ಹೆಂಡತಿ ಈರವ್ವ, ವಯಸ್ಸು 62, ಕಾಣೆಯಾಗಿದ್ದಾಳೆಂದು ಈ ದಿನ ಬೆಳಿಗ್ಗೆ ನಾನೇ ಠಾಣೆಗೆ ಬಂದು ದೂರು ಕೊಟ್ಟಿದ್ದು, ಈಗ ಅವಳು ಬಂದಿರುವುದರಿಂದ ಪುನಃ ಹೇಳಿ ಬರೆಸುವುದೇನೆಂದರೆ:

ಮೊಮ್ಮಕ್ಕಳಿಗೆ ಬೇಸಿಗೆ ರಜೆ ಇದ್ದುದರಿಂದ ರಾಯಾಪುರದ ಹತ್ತಿರದ ಥೀಮ್ ಪಾರ್ಕ್ ನೋಡಲು ಮೊನ್ನೆ ಕುಟುಂಬ ಸಮೇತ ಬಂದೆವು. ನನ್ನ ಮಗ ವಿಶಾಲ ಮೊದಲೆರಡು ರಾತ್ರಿಗೆ ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಹೋಟೆಲು, ಉಳಿದೆರಡು ರಾತ್ರಿಗೆ ಈಜುಕೊಳ ಇರುವ ಧಾರವಾಡದ ಇನ್ನೊಂದು ಹೋಟೆಲು ಹಿಡಿದಿದ್ದ. ಪಾರ್ಕ್ ನಡುವೆ ಇದೆ, ಎರಡೂ ಊರು ನೋಡಿದಂತಾಗುತ್ತದೆ ಎಂದು ಅವನ ಲೆಕ್ಕ. ಎರಡು ದೋಣಿಯಲ್ಲಿ ಕಾಲಿಡಬೇಡ, ಗಂಟು ಬಿಚ್ಚಿ ಕಟ್ಟುವುದರಲ್ಲೇ ರಜೆ ಮುಗಿಯುತ್ತದೆ ಎಂದು ನಾನು ಹೇಳಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ!

ನಿನ್ನೆ ಪಾರ್ಕಿನ ಅಲೆಗಳ ಕೊಳಕ್ಕೆ ಮೊಮ್ಮಕ್ಕಳು ನನ್ನನ್ನೂ ಎಳೆದರು. ಕೊರಳಲ್ಲಿದ್ದ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆಯ ದಾರ ನೆನೆದು ಕೊರಳು ಕೆರೆಯತೊಡಗಿತು. ರಾತ್ರಿ ಅದನ್ನು ತೆಗೆದು, ಕೋಣೆಯ ಮೇಜಿನ ಮೇಲೆ ಮಡಿ ವಸ್ತ್ರ ಹಾಸಿ, ದಾರ ಒಣಗಲೆಂದು ಇಟ್ಟೆ. ಲಿಂಗ ಮೈಮೇಲಿಂದ ತೆಗೆಯಬಾರದು ಎಂದು ಈರವ್ವ ಹೇಳಿದಳು. ನೀನು ನನಗೆ ಕಲಿಸಬೇಡ ಎಂದೆ.

ಈ ದಿನ ಬೆಳಿಗ್ಗೆ 7 ಗಂಟೆಗೆ, ಸ್ನಾನ ಹೊಸ ಹೋಟೆಲಿನಲ್ಲೇ ಮಾಡಿದರಾಯಿತು ಎಂದು ವಿಶಾಲ ಅವಸರ ಮಾಡಿ ಎಲ್ಲರನ್ನೂ ಹೊರಡಿಸಿದ. ಧಾರವಾಡದಲ್ಲಿ ಸ್ನಾನ ಮುಗಿಸಿ ಪೂಜೆಗೆಂದು ಕೊರಳಿಗೆ ಕೈ ಹಾಕಿದರೆ ಕೊರಳು ಬರಿದು. ವಿಶಾಲ ಮೊದಲಿನ ಹೋಟೆಲಿಗೆ ಫೋನ್ ಮಾಡಿದ. ಕೋಣೆ ನೋಡಿ ಹೇಳುತ್ತೇವೆ ಎಂದರಂತೆ. ಸಿಕ್ಕರೆ ಕೊರಿಯರ್ ಮಾಡಿಸೋಣ, ಮೊದಲು ನಾಷ್ಟಾ ಮಾಡಿರಿ ಎಂದ. "ಲಿಂಗ ಏನ್ ಪಾರ್ಸಲ್ಲೇನಲೇ?" ಎಂದು ಕೂಗಾಡಿದೆ. ಪೂಜೆಯಾಗದೆ ಒಂದು ಗುಟುಕು ನೀರೂ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಸಾರಿದೆ. ಸಕ್ಕರೆ ಕಾಯಿಲೆ ಇದ್ದವರು ಹಾಗೆ ಮಾಡಬಾರದು ಎಂದ ಸೊಸೆ ಸೌಮ್ಯಾಳ ಮೇಲೂ ಹರಿಹಾಯ್ದೆ.

ಜಗಳ ಮುಗಿದು ನೋಡಿದರೆ ಈರವ್ವ ಇಲ್ಲ. ಅವಳ ಮೊಬೈಲ್ ಹಾಸಿಗೆಯ ಮೇಲೇ ಇತ್ತು. ಈಜುಕೊಳದ ಬಳಿ, ರಸ್ತೆಯಲ್ಲಿ, ಹತ್ತಿರದ ಗುಡಿಯಲ್ಲಿ ಹುಡುಕಿದೆವು. ಅವಳಿಗೆ ಓದುಬರಹ ಬಾರದು, ಮದುವೆಯಾದಾಗಿನಿಂದ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಹುಬ್ಬಳ್ಳಿಗೆ ಹೋಗಿರಬಹುದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ವಿಶಾಲನನ್ನು ಹೋಟೆಲಿನಲ್ಲೇ ಬಿಟ್ಟು, 9-45ಕ್ಕೆ ನಾನು ಸೌಮ್ಯಾಳೊಡನೆ ಈ ಠಾಣೆಗೆ ಬಂದೆ. ಚಹರೆ ಕೇಳಿದಾಗ ಹೆಂಡತಿ ಉಟ್ಟ ಸೀರೆಯ ಬಣ್ಣ ಹೇಳಲು ನನಗೆ ಬರಲಿಲ್ಲ, ಸೊಸೆ ಹೇಳಿದಳು. ಯಾರೋ ಒಂದು ಲೋಟ ಚಹಾ ತಂದು ನನ್ನ ಕೈಗೆ ಕೊಟ್ಟರು.

ಎಲ್ಲ ಕೇಳಿಕೊಂಡ ಹವಾಲ್ದಾರರು ಗೋಕುಲ ರಸ್ತೆಯ ಹೋಟೆಲಿಗೆ ತಾವೇ ಫೋನ್ ಮಾಡಿ ಸ್ಪೀಕರ್ ಹಾಕಿದರು. ಕೋಣೆ ಸ್ವಚ್ಛ ಮಾಡುವ ತಸ್ಲೀಮಾ ಎಂಬುವರು ಮಾತಾಡಿದರು. ಕರಡಿಗೆ ಕಂಡೊಡನೆ ಅದನ್ನು ಮುಟ್ಟದೆ ಕೋಣೆಗೆ ಬೀಗ ಹಾಕಿಸಿದ್ದಾಗಿಯೂ, ಕರಡಿಗೆಯವರು ಬರುವ ತನಕ ಆ ಕೋಣೆಯನ್ನು ಬೇರೆ ಗಿರಾಕಿಗೆ ಕೊಡಬೇಡಿರೆಂದು ಮ್ಯಾನೇಜರಿಗೆ ಹೇಳಿದ್ದಾಗಿಯೂ, ಈರವ್ವ ಬಂದು ಈಗಷ್ಟೇ ತೆಗೆದುಕೊಂಡು ಹೋದಳೆಂದೂ ತಿಳಿಸಿದರು. ಆ ತಾಯಿಗೆ ಪುಣ್ಯ ಬರಲಿ. ಈರವ್ವನಿಗೆ ಹೋಟೆಲಿನ ಹೆಸರು ಗೊತ್ತಿರಲಿಲ್ಲ. ಎದುರಿಗೆ ಕಬ್ಬಿನ ಹಾಲಿನ ಗಾಡಿ, ಪಕ್ಕದಲ್ಲಿ ಟೈರಿನ ಅಂಗಡಿ ಎಂದು ಆಟೋದವನಿಗೆ ಗುರುತು ಹೇಳಿ ಮುಟ್ಟಿದಳಂತೆ. "ಭಾಳ ಗಟ್ಟಿ ಹೆಣ್ಮಗಳ್ರೀ ಕಾಕಾ," ಎಂದರು ತಸ್ಲೀಮಾ. "ಬಿಸಲಾಗ ಬಂದಿದ್ರು, ನೀರ ಕೊಟ್ರ ಒಲ್ಲೆ ಅಂದ್ರು. ನಮ್ಮನಿಯವ್ರು ಇನ್ನೂ ಕುಡದಿಲ್ಲ, ನಾ ಹೆಂಗ ಕುಡೀಲಿ ಅಂದ್ರು."

ಆಗ ಕೈಯಲ್ಲಿದ್ದ ಲೋಟ ನೋಡಿಕೊಂಡೆ. ಚಹಾ ಪೂರ್ತಿ ಕುಡಿದಾಗಿತ್ತು. ಕುಡಿದದ್ದೇ ನನಗೆ ಗೊತ್ತಾಗಿರಲಿಲ್ಲ.

11-20ಕ್ಕೆ, ಬಸ್ಸಿಳಿದು ಹೋಟೆಲಿಗೆ ಬಂದಿದ್ದ ಅವಳನ್ನು ವಿಶಾಲ ಠಾಣೆಗೆ ಕರೆತಂದ. ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿ ಎರಡೂ ಕೈಯಿಂದ ಎದೆಗೆ ಹಿಡಿದಿದ್ದಳು. ದಾರಿಯುದ್ದಕ್ಕೂ ಹಾಗೇ ಬಂದಳಂತೆ. ಹೇಳದೆ ಹೋಗುತ್ತಾರೇನು ಎಂದು ಗದರಿದೆ. "ಹೇಳಿದ್ರ ನೀವು ಬಿಡತಿದ್ರೇನು?" ಎಂದಳು. ಅಷ್ಟರಲ್ಲಿ ಅವಳ ಕಣ್ಣು ನನ್ನ ಲೋಟದ ಮೇಲೆ ಬಿತ್ತು. ನಾನು ತಲೆ ತಗ್ಗಿಸಿದೆ.

"ಛಲೋ ಮಾಡಿದ್ರಿ ಬಿಡ್ರಿ. ನಿಮಗ ಸಕ್ಕರಿ ಐತಿ, ಖಾಲಿ ಹೊಟ್ಟೀಲೆ ಇರಬಾರದು. ಅದ ಚಿಂತಿ ಹತ್ತಿತ್ತು ನನಗ."

ಇಂಥವಳ ಮುಂದೆ ನಾನು ಎಷ್ಟರವನು! ಸಾಹೇಬರು ಬೇಡವೆಂದರೂ ಈ ಮಾತು ಬರೆಸುತ್ತಿದ್ದೇನೆ. ಠಾಣೆಯವರು ಒಂದು ಕೋಣೆ ಬಿಟ್ಟುಕೊಟ್ಟರು, ಅಲ್ಲಿ ಇಬ್ಬರೂ ಪೂಜೆ ಮಾಡಿದೆವು. ನಮ್ಮ ಮನೆಯಲ್ಲಿ ಊಟವಿರಲಿ, ನೀರಿರಲಿ, ಗಂಡಸರದಾದ ಮೇಲೆ ಹೆಂಗಸರದು. ಈ ದಿನ ಮೊದಲ ಲೋಟ ನೀರು ನಾನೇ ತುಂಬಿ ಅವಳ ಕೈಗೆ ಕೊಟ್ಟೆ. ನೀವು ಮೊದಲು ಎಂದಳು. ನೀನು ಕುಡಿಯುವ ತನಕ ಈ ಕಾಗದಕ್ಕೆ ಸಹಿ ಮಾಡುವುದಿಲ್ಲ ಎಂದೆ. ನಿಂತಲ್ಲೇ ಪೂರಾ ಕುಡಿದಳು, ಮತ್ತೊಂದು ಲೋಟ ಕೇಳಿದಳು.

ಯಾರ ಮೇಲೂ ನನ್ನ ದೂರಿಲ್ಲ. ಮೇಲಿನದೆಲ್ಲ ನಾನು ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ಖರೆ ಇದೆ. ಅವಳು ಕುಡಿದಾದ ಮೇಲೆ ಸಹಿ ಮಾಡಿದ್ದೇನೆ.

ಸ್ಥಳ: ಧಾರವಾಡ
ದಿನಾಂಕ: 18-05-2025
ಸಹಿ: ಶಂ. ಗು. ಬೆಟಗೇರಿ